ಲಾಭರಹಿತ ಸಂಸ್ಥೆಗಳು ಮತ್ತು ಸಾಮಾಜಿಕ ಜಾಲತಾಣಗಳು

ಗಳಿಕೆಯನ್ನು ಒಡೆಯರಿಗಾಗಲಿ ಷೇರುದಾರರಿಗಾಗಲಿ ಹಂಚದೆ, ಕೈಗೆತ್ತಿಕೊಂಡ ಸಾರ್ವಜನಿಕ ಕೆಲಸಕ್ಕೇ ತೊಡಗಿಸುವ ಸಂಘ, ಟ್ರಸ್ಟ್, ಪ್ರತಿಷ್ಠಾನಗಳನ್ನು ಲಾಭರಹಿತ ಸಂಸ್ಥೆಗಳು ಎನ್ನುತ್ತಾರೆ. ಆಡುಮಾತಿನಲ್ಲಿ ಇವೆಲ್ಲಕ್ಕೂ ಎನ್‌ಜಿಒ ಎಂದೇ ಹೆಸರು. ಕರ್ನಾಟಕದಲ್ಲಿ ಕೆಲವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘಗಳಾಗಿ, ಕೆಲವು ಟ್ರಸ್ಟ್‌ಗಳಾಗಿ, ಇನ್ನು ಕೆಲವು 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಕಂಪನಿಗಳಾಗಿ ನೋಂದಣಿಯಾಗಿವೆ. ರೂಪ ಯಾವುದೇ ಇರಲಿ, ಇಂಥ ಸಂಸ್ಥೆಗೆ ಹಣ ಬೇಕು, ಜನ ಬೇಕು, ಇವೆರಡಕ್ಕೂ ಮೊದಲು ನಂಬಿಕೆ ಬೇಕು. ಹಿಂದೆ ಈ ಮೂರನ್ನೂ ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿಳಿದು, ಕರಪತ್ರ ಹಂಚಿ, ಶಾಲೆಯ ಅಂಗಳದಲ್ಲಿ ಸಭೆ ಸೇರಿಸಿ ಗಳಿಸಬೇಕಿತ್ತು. ಫೇಸ್‌ಬುಕ್, ಟ್ವಿಟರ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಬಂದ ಮೇಲೆ ಒಂದೇ ಸಂಜೆಯಲ್ಲಿ ಸಾವಿರಾರು ಜನರನ್ನು ಮುಟ್ಟುವುದು ಸಾಧ್ಯವಾಯಿತು. ಆದರೆ ಮುಟ್ಟಿದ್ದೆಲ್ಲ ನೆರವಾಗಲಿಲ್ಲ. ಒಂದು ಲೈಕಿಗೂ ನೂರು ರೂಪಾಯಿಯ ದೇಣಿಗೆಗೂ, ಒಂದು ಶೇರಿಗೂ ಒಂದು ಭಾನುವಾರದ ಶ್ರಮದಾನಕ್ಕೂ ನಡುವೆ ಎಷ್ಟು ದೂರವಿದೆ, ಆ ದೂರವನ್ನು ಸವೆಸುವುದು ಹೇಗೆ ಎಂಬುದೇ ಇಪ್ಪತ್ತು ವರ್ಷಗಳಿಂದ ಈ ಸಂಸ್ಥೆಗಳನ್ನು ಕಾಡುತ್ತ ಬಂದ ಪ್ರಶ್ನೆ.

ಮೊದಲ ವರ್ಷಗಳು

ಮೈಸ್ಪೇಸ್ 2003ರಲ್ಲಿ, ಆರ್ಕುಟ್ ಮತ್ತು ಫೇಸ್‌ಬುಕ್ 2004ರಲ್ಲಿ, ಯೂಟ್ಯೂಬ್ 2005ರಲ್ಲಿ, ಟ್ವಿಟರ್ 2006ರಲ್ಲಿ ಶುರುವಾದವು. ಭಾರತದ ಕಾಲೇಜು ಹುಡುಗರಿಗೆ ಇಂಥ ತಾಣಗಳ ರುಚಿ ಹತ್ತಿಸಿದ್ದು ಆರ್ಕುಟ್. ಅಲ್ಲಿನ ಕಮ್ಯುನಿಟಿಗಳಲ್ಲಿ ಊರು, ಭಾಷೆ, ಸಿನಿಮಾಗಳ ಜೊತೆಗೆ ರಕ್ತದಾನದಂಥ ಮಾತುಗಳೂ ನಡೆಯುತ್ತಿದ್ದವು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಅಲ್ಲೇ ಬೀಡುಬಿಟ್ಟಿದ್ದ ಗುಂಪುಗಳು ಬೇರೆ ನೆಲೆ ಹುಡುಕಬೇಕಾಯಿತು.

ಅಮೆರಿಕದಲ್ಲಿ 2007ರಲ್ಲಿ ಶಾನ್ ಪಾರ್ಕರ್ ಮತ್ತು ಜೋ ಗ್ರೀನ್ ಫೇಸ್‌ಬುಕ್ಕಿನೊಳಗೆ ‘ಕಾಸಸ್’ ಎಂಬ ಅಪ್ಲಿಕೇಶನ್ ತಂದರು. ಯಾರು ಬೇಕಾದರೂ ಒಂದು ಸತ್ಕಾರ್ಯದ ಹೆಸರಿನಲ್ಲಿ ಗುಂಪು ಕಟ್ಟಿ, ಗೆಳೆಯರನ್ನು ಸೇರಿಸಿ, ಹಣ ಕೂಡಿಸಬಹುದಿತ್ತು. ಗೆಳೆಯ ಕೇಳಿದರೆ ಇಲ್ಲವೆನ್ನುವವರು ಕಡಿಮೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಸುಡಾನಿನ ಡಾರ್ಫರ್ ಪ್ರಾಂತದಲ್ಲಿ ನಡೆಯುತ್ತಿದ್ದ ನರಮೇಧದ ವಿರುದ್ಧ ಹುಟ್ಟಿದ ‘ಸೇವ್ ಡಾರ್ಫರ್’ ಗುಂಪಿಗೆ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಆ ಗುಂಪಿನ ದಾಖಲೆಗಳನ್ನು ಸಂಶೋಧಕ ಕೆವಿನ್ ಲೂಯಿಸ್ ಮತ್ತು ಸಂಗಡಿಗರು ಜಾಲಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕ ಎದೆಗೆ ನಾಟುವಂಥದು: ಸದಸ್ಯರಲ್ಲಿ ಶೇ. 99ಕ್ಕೂ ಹೆಚ್ಚು ಮಂದಿ ಒಂದು ಡಾಲರನ್ನೂ ಕೊಟ್ಟಿರಲಿಲ್ಲ, ಶೇ. 70ಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ಕರೆತಂದಿರಲಿಲ್ಲ. ಇಷ್ಟು ದೊಡ್ಡ ಗುಂಪಿನಿಂದ ಕೂಡಿಬಂದದ್ದು ಸುಮಾರು ಒಂದು ಲಕ್ಷ ಡಾಲರ್. ಸೇರುವುದೇ ಅಲ್ಲಿ ಮೊದಲ ಹೆಜ್ಜೆಯೂ ಕೊನೆಯ ಹೆಜ್ಜೆಯೂ ಆಗಿತ್ತು.

ಅದೇ ಹೊತ್ತಿಗೆ ಬೇರೊಂದು ಬಗೆಯ ಪ್ರಯೋಗ ಫಲ ಕೊಟ್ಟಿತು. 2009ರ ಫೆಬ್ರವರಿ 12ರಂದು ಜಗತ್ತಿನ ಸುಮಾರು ಇನ್ನೂರು ಊರುಗಳಲ್ಲಿ ಟ್ವಿಟರ್ ಬಳಕೆದಾರರು ‘ಟ್ವೆಸ್ಟಿವಲ್’ ಹೆಸರಿನಲ್ಲಿ ಸಭೆ ಸೇರಿ, ಕುಡಿಯುವ ನೀರಿಗಾಗಿ ದುಡಿಯುವ ‘ಚಾರಿಟಿ: ವಾಟರ್’ ಸಂಸ್ಥೆಗೆ ಎರಡೂವರೆ ಲಕ್ಷ ಡಾಲರ್ ಆಸುಪಾಸಿನ ಹಣ ಕೂಡಿಸಿಕೊಟ್ಟರು. ಇಲ್ಲಿ ಜಾಲತಾಣ ಮಾಡಿದ್ದು ಕರೆಯುವ ಕೆಲಸ ಮಾತ್ರ. ಹಣ ಹುಟ್ಟಿದ್ದು ಜನ ಒಂದೆಡೆ ಕೂತು ಮಾತಾಡಿದಾಗ. ಆಮೇಲಿನ ಗೆಲುವುಗಳಲ್ಲೂ ಈ ವ್ಯತ್ಯಾಸ ಮತ್ತೆ ಮತ್ತೆ ಕಾಣುತ್ತದೆ.

ವಿದ್ವಾಂಸರು ಈ ಬಳಕೆಯನ್ನು ಅಳೆಯತೊಡಗಿದ್ದೂ ಆಗಲೇ. ರಿಚರ್ಡ್ ವಾಟರ್ಸ್ ಮತ್ತು ಸಂಗಡಿಗರು 2009ರಲ್ಲಿ 275 ಸಂಸ್ಥೆಗಳ ಫೇಸ್‌ಬುಕ್ ಪುಟಗಳನ್ನು ನೋಡಿದಾಗ, ಹೆಚ್ಚಿನವು ಸಂಸ್ಥೆಯ ಪರಿಚಯ, ಲಾಂಛನ ಹಾಕಿ ಸುಮ್ಮನಾಗಿದ್ದವು. ಬಂದವರನ್ನು ಕೆಲಸಕ್ಕೆ ಹಚ್ಚುವ ಏರ್ಪಾಡು ಕಾಣಲಿಲ್ಲ. ಕ್ರಿಸ್ಟನ್ ಲವ್‌ಜಾಯ್ ಮತ್ತು ಗ್ರೆಗರಿ ಸ್ಯಾಕ್ಸ್‌ಟನ್ 2012ರಲ್ಲಿ ಅಮೆರಿಕದ ದೊಡ್ಡ ಸಂಸ್ಥೆಗಳ ಟ್ವೀಟ್‌ಗಳನ್ನು ಮೂರು ರಾಶಿ ಮಾಡಿದರು: ಮಾಹಿತಿ ಕೊಡುವವು, ಬಳಗ ಬೆಳೆಸುವವು, ಕೆಲಸಕ್ಕೆ ಕರೆಯುವವು. ಅರ್ಧಕ್ಕಿಂತ ಹೆಚ್ಚು ಟ್ವೀಟ್‌ಗಳು ಬರೀ ಮಾಹಿತಿ, ಕಾಲುಭಾಗ ಬಳಗದ ಮಾತು, ಕೆಲಸಕ್ಕೆ ಕರೆದವು ಆರರಲ್ಲಿ ಒಂದು. ಇಂದಿಗೂ ಒಂದು ಸಂಸ್ಥೆಯ ಪುಟ ತೆರೆದು ಕೊನೆಯ ಇಪ್ಪತ್ತು ಪೋಸ್ಟ್‌ಗಳನ್ನು ಹೀಗೆ ವಿಂಗಡಿಸಿ ನೋಡಬಹುದು. ಶಿಬಿರದ ಉದ್ಘಾಟನೆ, ಗಣ್ಯರ ಸನ್ಮಾನ, ದಿನಾಚರಣೆಯ ಶುಭಾಶಯ, ಇವು ಮುಗಿದ ಮೇಲೆ ಓದುಗನಿಗೆ ಮಾಡಲು ಏನಾದರೂ ಉಳಿದಿದೆಯೇ ಎಂದು ಹುಡುಕಿದರೆ ಸಾಕು.

ಲೈಕಿನ ಬೆಲೆ

ಕಂಪ್ಯೂಟರ್ ಮುಂದೆ ಕೂತು ಒಂದು ಗುಂಡಿ ಒತ್ತಿ ‘ನಾನೂ ಹೋರಾಡಿದೆ’ ಎಂಬ ಸಮಾಧಾನ ಪಡೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಲಾಕ್ಟಿವಿಸಂ’ ಎಂಬ ಮಾತು ಹುಟ್ಟಿತು. ಕನ್ನಡದಲ್ಲಿ ಬೆರಳ ತುದಿಯ ಚಳವಳಿ ಎನ್ನಬಹುದು. ಲೇಖಕ ಎವ್ಗೆನಿ ಮೊರೊಜೊವ್ ಇದನ್ನು ಕಟುವಾಗಿ ಟೀಕಿಸಿದರು. 2010ರಲ್ಲಿ ಮಾಲ್ಕಂ ಗ್ಲಾಡ್‌ವೆಲ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದ ಲೇಖನದ ವಾದವೂ ಹತ್ತಿರದ್ದೇ: ಪ್ರಾಣಕ್ಕೆ ಅಪಾಯವಿರುವ ಹೋರಾಟಕ್ಕೆ ಜನ ಇಳಿಯುವುದು ಗಾಢವಾದ ಸ್ನೇಹದ ಬಲದಿಂದ, ಜಾಲತಾಣಗಳು ನೇಯುವುದು ತೆಳುವಾದ ಪರಿಚಯದ ಎಳೆಗಳನ್ನು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದಂತೆ, ಸುದ್ದಿ ದೂರ ಹೋಗುವುದು ತೆಳು ಪರಿಚಯಗಳ ಮೂಲಕವೇ. ಅಪರೂಪದ ಗುಂಪಿನ ರಕ್ತ ಬೇಕಾದಾಗ ಆಪ್ತ ಗೆಳೆಯರ ಬಳಗ ಸಾಲದು. ಗೆಳೆಯನ ಸೋದರಮಾವನ ಆಫೀಸಿನವರೊಬ್ಬರು ಬೇಕಾಗುತ್ತಾರೆ.

2013ರಲ್ಲಿ ಯುನಿಸೆಫ್‌ನ ಸ್ವೀಡನ್ ಶಾಖೆ ಈ ಚರ್ಚೆಯನ್ನು ಜಾಹೀರಾತಿಗೇ ತಂದಿತು. ಲೈಕುಗಳಿಂದ ಜೀವ ಉಳಿಯುವುದಿಲ್ಲ, ಲಸಿಕೆ ಕೊಳ್ಳಲು ಹಣ ಬೇಕು ಎಂದು ಅದು ನೇರವಾಗಿ ಹೇಳಿತು. ತನ್ನನ್ನು ಮೆಚ್ಚಿದವರ ಮುಖಕ್ಕೇ ಹೀಗೆ ಹೇಳುವ ಧೈರ್ಯ ಅಂದಿನ ಮಟ್ಟಿಗೆ ಹೊಸದು. ಮರುವರ್ಷ ಕೆನಡಾದ ಸಂಶೋಧಕ ಕರ್ಕ್ ಕ್ರಿಸ್ಟಾಫರ್ಸನ್ ಮತ್ತು ಸಂಗಡಿಗರ ಅಧ್ಯಯನ ಬಂತು. ಎಲ್ಲರಿಗೂ ಕಾಣುವಂತೆ ಸಣ್ಣ ಬೆಂಬಲ ತೋರಿಸಿದವರು ಆಮೇಲೆ ನಿಜವಾದ ನೆರವು ಕೇಳಿದಾಗ ಹಿಂಜರಿಯುವ ಸಂಭವ ಹೆಚ್ಚು. ಯಾರಿಗೂ ಕಾಣದಂತೆ ಬೆಂಬಲಿಸಿದವರು ಮುಂದೆಯೂ ನೆರವಾಗುವ ಸಂಭವ ಹೆಚ್ಚು ಎಂದು ಅದು ಕಂಡಿತು. ನಾಲ್ಕು ಜನರೆದುರು ಒಳ್ಳೆಯವನಾಗಿ ಕಾಣಬೇಕೆಂಬ ಆಸೆ ಲೈಕಿನಲ್ಲೇ ತಣಿದರೆ, ಜೇಬಿಗೆ ಕೈ ಹೋಗುವುದಿಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಇಲ್ಲಿ ನೆನೆಯಬೇಕೆನಿಸುತ್ತದೆ.

ಈ ಬೆರಳ ತುದಿಯ ಚಳವಳಿಯ ದೊಡ್ಡ ಅಲೆಯೊಂದು ಇವೆರಡಕ್ಕೂ ಮೊದಲೇ, 2012ರ ಮಾರ್ಚ್ 5ರಂದು, ಬಂದಿತ್ತು. ಉಗಾಂಡಾದ ಬಂಡುಕೋರ ನಾಯಕ ಜೋಸೆಫ್ ಕೋನಿ ಮಕ್ಕಳನ್ನು ಅಪಹರಿಸಿ ಸೈನಿಕರನ್ನಾಗಿ ಮಾಡುತ್ತಿದ್ದುದರ ವಿರುದ್ಧ ‘ಇನ್‌ವಿಸಿಬಲ್ ಚಿಲ್ಡ್ರನ್’ ಎಂಬ ಅಮೆರಿಕನ್ ಸಂಸ್ಥೆ ಅರ್ಧ ಗಂಟೆಯ ವಿಡಿಯೋ ಬಿಟ್ಟಿತು. ಒಂದು ವಾರದೊಳಗೆ ಅದು 10 ಕೋಟಿ ಸಲ ನೋಡಿಸಿಕೊಂಡಿತು. ಹಿಂದೆಯೇ ಪ್ರಶ್ನೆಗಳೂ ಬಂದವು. ಕೋನಿ ಆ ಹೊತ್ತಿಗೆ ಉಗಾಂಡಾ ಬಿಟ್ಟು ವರ್ಷಗಳಾಗಿದ್ದವು; ಸಿಕ್ಕುಸಿಕ್ಕಾದ ಯುದ್ಧವೊಂದನ್ನು ವಿಡಿಯೋ ತೀರ ಸರಳ ಮಾಡಿತ್ತು; ಸಂಸ್ಥೆಯ ಖರ್ಚುವೆಚ್ಚದ ಬಗ್ಗೆಯೂ ಅನುಮಾನ ಎದ್ದಿತು. ಉತ್ತರ ಉಗಾಂಡಾದಲ್ಲಿ ತೆರೆ ಕಟ್ಟಿ ತೋರಿಸಿದಾಗ, ಕೋನಿಯ ಕೈಯಲ್ಲಿ ನರಳಿದವರೇ ಸಿಟ್ಟಾದರು. ಏಪ್ರಿಲ್ 20ರ ರಾತ್ರಿ ಊರೂರಿನ ಗೋಡೆಗಳಿಗೆ ಪೋಸ್ಟರ್ ಅಂಟಿಸಬೇಕೆಂದು ಸಂಸ್ಥೆ ಕರೆ ಕೊಟ್ಟಿತ್ತು. ವಿಡಿಯೋ ನೋಡಿದವರಲ್ಲಿ ಅಂದು ಬೀದಿಗೆ ಬಂದವರು ಬೆರಳೆಣಿಕೆಯಷ್ಟು. ಯಾರ ಕಥೆಯನ್ನು ಹೇಳುತ್ತೇವೋ ಅವರೆದುರು ಮೊದಲು ಆ ಕಥೆಯನ್ನು ಓದಿ ತೋರಿಸಬೇಕು ಎಂಬುದನ್ನು ಸಂಸ್ಥೆಗಳು ಗಟ್ಟಿಯಾಗಿ ಹಿಡಿದದ್ದು ಈ ಪ್ರಕರಣದ ನಂತರ.

ಐಸ್ ಬಕೆಟ್, ಅಕ್ಕಿ ಬಕೆಟ್

ಲೈಕಿಗೂ ಹಣಕ್ಕೂ ನಡುವಿನ ದೂರ ಒಮ್ಮೆ ಅಚ್ಚರಿಯಾಗುವಷ್ಟು ಕುಗ್ಗಿತು. ಎಎಲ್‌ಎಸ್ ಎಂಬುದು ಸ್ನಾಯುಗಳನ್ನು ಆಳುವ ನರಗಳು ಒಂದೊಂದಾಗಿ ಸಾಯುವ ರೋಗ. 2014ರ ಬೇಸಿಗೆಯಲ್ಲಿ ಆ ರೋಗ ತಗುಲಿದ್ದ ಇಬ್ಬರು ಯುವಕರು, ಬೇಸ್‌ಬಾಲ್ ಆಟಗಾರ ಪೀಟ್ ಫ್ರೇಟ್ಸ್ ಮತ್ತು ಪ್ಯಾಟ್ ಕ್ವಿನ್, ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಒಂದು ಆಟವನ್ನು ಈ ರೋಗದ ಸಂಶೋಧನೆಯ ಕಡೆಗೆ ತಿರುಗಿಸಿದರು. ನಿಯಮ ಸರಳ. ನೀರು ಸುರಿದುಕೊಂಡು ವಿಡಿಯೋ ಹಾಕಬೇಕು, ಗೆಳೆಯರ ಹೆಸರು ಹೇಳಿ ಸವಾಲೆಸೆಯಬೇಕು. ಅವರು 24 ಗಂಟೆಯೊಳಗೆ ನೀರು ಸುರಿದುಕೊಳ್ಳಬೇಕು, ಇಲ್ಲವೇ ಹಣ ಕೊಡಬೇಕು. ಬಹಳ ಮಂದಿ ಎರಡನ್ನೂ ಮಾಡಿದರು. ಹೆಸರು ಹಿಡಿದು ಕರೆದರೆ ತಪ್ಪಿಸಿಕೊಳ್ಳುವುದು ಕಷ್ಟ, ಗಡುವು ಇದ್ದರೆ ಮುಂದೂಡುವುದು ಕಷ್ಟ. ಫೇಸ್‌ಬುಕ್ಕಿನಲ್ಲೇ 1.7 ಕೋಟಿ ವಿಡಿಯೋಗಳು ಬಂದವು. ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್ನಿಗೆ ಕೆಲವೇ ವಾರಗಳಲ್ಲಿ 11.5 ಕೋಟಿ ಡಾಲರ್ ಹರಿದುಬಂತು.

ಆ ಹಣ ಎಲ್ಲಿ ಹೋಯಿತು ಎಂಬುದು ಇಲ್ಲಿ ಮುಖ್ಯ. ಒಂದು ಪಾಲು ‘ಪ್ರಾಜೆಕ್ಟ್ ಮೈನ್’ ಎಂಬ ಅಂತರರಾಷ್ಟ್ರೀಯ ವಂಶವಾಹಿ ಸಂಶೋಧನೆಗೆ ಸಂದಿತು. 2016ರಲ್ಲಿ ಎನ್‌ಇಕೆ1 ಎಂಬ ವಂಶವಾಹಿಗೂ ಈ ರೋಗಕ್ಕೂ ಇರುವ ನಂಟು ಗೊತ್ತಾಯಿತು. ಇನ್ನೊಂದು ಪಾಲು ಬೆಂಬಲಿಸಿದ ಔಷಧವೊಂದಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ದೊಡ್ಡ ಪ್ರಯೋಗದಲ್ಲಿ ಗುಣ ಕಾಣಲಿಲ್ಲವಾಗಿ 2024ರಲ್ಲಿ ಅದನ್ನು ಹಿಂತೆಗೆದುಕೊಂಡರು. ಸಂಶೋಧನೆಯ ಹಾದಿಯೇ ಹಾಗೆ. ಮುಂದಿನ ಬೇಸಿಗೆಯಲ್ಲಿ ಸವಾಲನ್ನು ಮತ್ತೆ ಕರೆದಾಗ ಮೊದಲಿನ ಹಣದ ತೀರ ಸಣ್ಣ ಪಾಲಷ್ಟೇ ಬಂತು. ಫ್ರೇಟ್ಸ್ 2019ರಲ್ಲಿ, ಕ್ವಿನ್ 2020ರಲ್ಲಿ ತೀರಿಕೊಂಡರು.

ನೀರಿಗೆ ಬಿಂದಿಗೆ ಸಾಲು ಹಿಡಿಯುವ ನಾಡಿನಲ್ಲಿ ಈ ಆಟ ಹೇಗೆ ಹೊಂದೀತು? ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ 2014ರ ಆಗಸ್ಟ್‌ನಲ್ಲೇ ಅದನ್ನು ತಿರುಗಿಸಿ ‘ರೈಸ್ ಬಕೆಟ್ ಚಾಲೆಂಜ್’ ಮಾಡಿದರು. ಒಂದು ಬಕೆಟ್ ಅಕ್ಕಿಯನ್ನು ಹಸಿದವರೊಬ್ಬರಿಗೆ ಕೊಡುವುದು, ಫೋಟೋ ಹಾಕುವುದು, ಗೆಳೆಯರನ್ನು ಕರೆಯುವುದು. ಇಲ್ಲಿ ಸಂಸ್ಥೆಯೂ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಕೊಡುವವರ ಕೈಯಿಂದ ಪಡೆಯುವವರ ಕೈಗೆ ನೇರ. ಅನ್ನದಾನವನ್ನು ಬಲ್ಲ ಜನರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ.

ಬೆಂಗಳೂರಿನ ಅನುಭವ

ಜಾಲತಾಣದ ಗದ್ದಲವನ್ನು ಬೀದಿಯ ಕೆಲಸಕ್ಕೆ ಹದವಾಗಿ ಜೋಡಿಸಿದ ಉದಾಹರಣೆಗಳಲ್ಲಿ ಬೆಂಗಳೂರಿನ ‘ದಿ ಅಗ್ಲಿ ಇಂಡಿಯನ್’ ಬಳಗಕ್ಕೆ ದೊಡ್ಡ ಸ್ಥಾನವಿದೆ. 2010ರ ಸುಮಾರಿಗೆ ಚರ್ಚ್ ಸ್ಟ್ರೀಟ್ ಸುತ್ತಮುತ್ತ ಕೆಲಸ ಶುರುಮಾಡಿದ ಈ ಬಳಗದವರು ಇಂದಿಗೂ ತಮ್ಮ ಹೆಸರು ಹೇಳುವುದಿಲ್ಲ. ಕೆಲಸ ನಡೆಯಲಿ, ಬಾಯಿ ಮುಚ್ಚಿರಲಿ ಎಂಬ ಅರ್ಥದ ಹಿಂದಿ ಮಾತು ಅವರ ಘೋಷವಾಕ್ಯ. ವಿಧಾನ ಹೀಗೆ: ಕಸ ಸುರಿದು ಗಬ್ಬೆದ್ದ ಒಂದು ಮೂಲೆಯನ್ನು ಆರಿಸಿಕೊಳ್ಳುತ್ತಾರೆ. ಬೆಳಗಿನ ಜಾವ ಹತ್ತಿಪ್ಪತ್ತು ಜನ ಕೈಗವಸು, ಸಲಿಕೆ, ಬುಟ್ಟಿ ಹಿಡಿದು ಬರುತ್ತಾರೆ. ಕಸ ತೆಗೆದು, ಒಡೆದ ಕಲ್ಲು ಕೂರಿಸಿ, ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ ಬಳಿದು, ಒಂದೆರಡು ಕುಂಡ ಇಡುತ್ತಾರೆ. ಇದನ್ನು ‘ಸ್ಪಾಟ್ ಫಿಕ್ಸ್’ ಎನ್ನುತ್ತಾರೆ. ಎಲೆಯಡಿಕೆ ಉಗುಳಿನ ಗೋಡೆಗೆ ಆ ಬಣ್ಣವೇ ಯಾಕೆಂದರೆ ಕಲೆ ಎದ್ದು ಕಾಣುವುದಿಲ್ಲ, ಕಲೆ ಕಾಣದ ಗೋಡೆಗೆ ಉಗುಳುವವರೂ ಕಡಿಮೆಯಾಗುತ್ತಾರೆ.

ಫೇಸ್‌ಬುಕ್ಕಿಗೆ ಹೋಗುವುದು ಎರಡು ಫೋಟೋ: ಮೊದಲು ಹೀಗಿತ್ತು, ಈಗ ಹೀಗಿದೆ. ಯಾರ ಮುಖವೂ ಮುಂದೆ ಬರುವುದಿಲ್ಲ, ಯಾರಿಗೂ ಹಾರ ಬೀಳುವುದಿಲ್ಲ, ಕಾರ್ಪೊರೇಷನ್ನಿನ ಮೇಲೆ ಬೈಗುಳ ಇಲ್ಲ. ನೋಡಿದವನಿಗೆ ತನ್ನ ಬೀದಿಯ ಮೂಲೆ ನೆನಪಾಗುತ್ತದೆ. ಬರುತ್ತೇನೆ ಎಂದು ಬರೆದವರಿಗೆ ಮುಂದಿನ ಸ್ಪಾಟಿನ ಜಾಗ, ಗಂಟೆ ಸಿಗುತ್ತದೆ. ಇಲ್ಲಿ ಪೋಸ್ಟ್ ಹಾಕುವುದೇ ಕೆಲಸದ ಕೊನೆಯ ಹಂತ. ಮೊದಲು ಕಸ ಎತ್ತಿಯೇ ಆಮೇಲೆ ಮಾತು. ಬಹಳ ಸಂಸ್ಥೆಗಳು ಇದನ್ನು ತಿರುವುಮುರುವು ಮಾಡಿಕೊಂಡಿವೆ.

2016ರ ಅಕ್ಟೋಬರ್‌ನ ಸ್ಟೀಲ್ ಫ್ಲೈಓವರ್ ವಿರೋಧಿ ಹೋರಾಟ ಬೇರೆ ಬಗೆಯದು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. ವೆಚ್ಚ 1,791 ಕೋಟಿ ರೂಪಾಯಿ, ಕಡಿಯಬೇಕಾದ ಮರಗಳು 800ಕ್ಕೂ ಹೆಚ್ಚು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಶ್‌ಟ್ಯಾಗ್ ಟ್ವಿಟರ್, ಫೇಸ್‌ಬುಕ್, ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡಿತು. ‘ಬೇಡ’ ಎಂಬ ಎರಡಕ್ಷರವನ್ನು ಕನ್ನಡ ಬಾರದವರೂ ಆಡಿದರು. ಅಕ್ಟೋಬರ್ 16ರ ಭಾನುವಾರ ‘ಸಿಟಿಜನ್ಸ್ ಫಾರ್ ಬೆಂಗಳೂರು’ ಕರೆಗೆ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯುದ್ದಕ್ಕೂ ಮಾನವ ಸರಪಳಿಯಾದರು. ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಗೆದ್ದದ್ದು ಹ್ಯಾಶ್‌ಟ್ಯಾಗ್ ಎಂದು ಹೇಳುವುದು ಸುಲಭ. ಅದರ ಜೊತೆ ವರ್ಷಗಟ್ಟಲೆ ಮರ, ಕೆರೆ, ಬಸ್ಸುಗಳ ಲೆಕ್ಕ ಇಟ್ಟುಕೊಂಡ ನಾಗರಿಕ ಗುಂಪುಗಳು, ನ್ಯಾಯಾಲಯದ ಕಾಗದಪತ್ರ, ಬಿಸಿಲಲ್ಲಿ ನಿಂತ ಹಿರಿಯರು ಎಲ್ಲ ಇದ್ದರು.

ಇನ್ನೂ ಹಿಂದೆ, 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಹೆಣ್ಣುಮಕ್ಕಳ ಮೇಲೆ ಹಲ್ಲೆಯಾದಾಗ, ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್ಕಿನಲ್ಲಿ ಗುಂಪು ಕಟ್ಟಿ, ಹಲ್ಲೆ ಮಾಡಿದ ಸಂಘಟನೆಗೆ ಗುಲಾಬಿ ಚಡ್ಡಿ ಕಳಿಸುವ ‘ಪಿಂಕ್ ಚಡ್ಡಿ’ ಅಭಿಯಾನ ನಡೆಸಿದರು. ಕೆಲವೇ ವಾರಗಳಲ್ಲಿ ಹತ್ತಾರು ಸಾವಿರ ಜನ ಸೇರಿದರು. ಯಾವ ನೋಂದಣಿಯೂ ಇಲ್ಲದ ಗುಂಪು ನಡೆಸಿದ ಈ ಅಭಿಯಾನ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂತು. ಆಮೇಲೆ ಕಿಡಿಗೇಡಿಗಳು ಗುಂಪಿನೊಳಗೆ ನುಗ್ಗಿ ಅದನ್ನು ಕೆಡಿಸಿದರು; ಕಟ್ಟಿದವರ ಕೈಯಿಂದಲೇ ಅದು ತಪ್ಪಿಹೋಯಿತು.

ತುರ್ತಿನ ಹೊತ್ತು

‘ತುರ್ತಾಗಿ ಒ ನೆಗೆಟಿವ್ ರಕ್ತ ಬೇಕು, ದಯವಿಟ್ಟು ಎಲ್ಲ ಗ್ರೂಪ್‌ಗಳಿಗೂ ಕಳಿಸಿ’ ಎಂಬ ವಾಟ್ಸಾಪ್ ಸಂದೇಶ ನೋಡದ ಕನ್ನಡಿಗರು ಇಲ್ಲವೆನ್ನಬಹುದು. ಓದಿದವರಿಗೆ ಕರುಳು ಚುರ್ರೆನ್ನುತ್ತದೆ, ಫಾರ್ವರ್ಡ್ ಆಗುತ್ತದೆ. ಆದರೆ ಅದರಲ್ಲಿ ತಾರೀಖು ಇರುವುದಿಲ್ಲ. ರೋಗಿ ಗುಣವಾಗಿ ಮನೆಗೆ ಹೋದ ಮೇಲೂ, ಕೆಲವೊಮ್ಮೆ ತೀರಿಕೊಂಡ ಮೇಲೂ, ಆ ನಂಬರಿಗೆ ತಿಂಗಳುಗಟ್ಟಲೆ ಕರೆ ಬರುತ್ತಲೇ ಇರುತ್ತದೆ. ಆಗಷ್ಟೇ ಅಪ್ಪನನ್ನು ಕಳೆದುಕೊಂಡ ಮಗಳು ‘ರಕ್ತ ಸಿಕ್ಕಿತಾ?’ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಸಲ ಉತ್ತರ ಕೊಡುವುದನ್ನು ಊಹಿಸಿಕೊಂಡರೆ, ಯೋಚಿಸದ ಒಳ್ಳೆಯತನ ಎಷ್ಟು ನೋಯಿಸಬಲ್ಲದು ಎಂಬುದು ತಿಳಿಯುತ್ತದೆ.

ರಕ್ತದಾನಿಗಳ ಬಳಗಗಳು ಇದಕ್ಕೆ ಶಿಸ್ತು ತಂದವು. ಸಂದೇಶದಲ್ಲಿ ಆಸ್ಪತ್ರೆಯ ಹೆಸರು, ರೋಗಿಯ ವಾರ್ಡು, ಎಷ್ಟು ಯೂನಿಟ್, ಯಾವ ದಿನ ಎಷ್ಟು ಗಂಟೆಯೊಳಗೆ, ಜೊತೆಗಿರುವವರ ಫೋನ್ ನಂಬರ್ ಇರಬೇಕು. ಗುಂಪಿನ ಒಬ್ಬರು ಆ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಉಳಿದವರಿಗೆ ಕಳಿಸಬೇಕು. ರಕ್ತ ಸಿಕ್ಕ ಕೂಡಲೇ ‘ಪೂರೈಸಿದೆ’ ಎಂದು ಹಾಕಿ, ಹಳೆಯ ಸಂದೇಶ ಅಳಿಸಬೇಕು. 2017ರ ಅಕ್ಟೋಬರ್ 1ರಿಂದ ಭಾರತದಲ್ಲಿ ಫೇಸ್‌ಬುಕ್ ಕೂಡ ರಕ್ತದಾನಿಗಳು ಹೆಸರು ನೋಂದಾಯಿಸುವ ಸೌಲಭ್ಯ ಕೊಟ್ಟಿತು.

2021ರ ಏಪ್ರಿಲ್, ಮೇ ತಿಂಗಳಲ್ಲಿ ಕೊರೊನಾದ ಎರಡನೇ ಅಲೆ ಬಂದಾಗ ಈ ಶಿಸ್ತು ಇಡೀ ದೇಶಕ್ಕೆ ಬೇಕಾಯಿತು. ಆಮ್ಲಜನಕದ ಸಿಲಿಂಡರ್, ಐಸಿಯು ಹಾಸಿಗೆ, ರೆಮ್‌ಡೆಸಿವಿರ್ ಚುಚ್ಚುಮದ್ದಿಗಾಗಿ ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂ ತುಂಬ ಮೊರೆ. ಕಾಲೇಜು ಹುಡುಗ ಹುಡುಗಿಯರು ರಾತ್ರಿಯೆಲ್ಲ ಕೂತು ನಂಬರುಗಳಿಗೆ ಕರೆ ಮಾಡಿ, ಎಷ್ಟು ಗಂಟೆಗೆ ಪರಿಶೀಲಿಸಿದ್ದು ಎಂದು ನಮೂದಿಸಿ, ಪಟ್ಟಿ ಮಾಡಿದರು. ಸಂಜೆ ನಾಲ್ಕಕ್ಕೆ ಖಾಲಿ ಇದ್ದ ಹಾಸಿಗೆ ಐದಕ್ಕೆ ಇರುತ್ತಿರಲಿಲ್ಲವಾದ್ದರಿಂದ ಹೊತ್ತಿನ ನಮೂದು ಇಲ್ಲದ ಮಾಹಿತಿಗೆ ಬೆಲೆಯೇ ಇರಲಿಲ್ಲ. ಇಂಥ ಮೊರೆಗಳನ್ನು ಸುಳ್ಳು ಸುದ್ದಿಯೆಂದು ಕೆಲವೆಡೆ ಆಡಳಿತಗಳು ಬೆದರಿಸತೊಡಗಿದಾಗ, ಏಪ್ರಿಲ್ 30ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ, ಜನ ಜಾಲತಾಣದಲ್ಲಿ ಕಷ್ಟ ಹೇಳಿಕೊಂಡರೆ ಅದನ್ನು ಹತ್ತಿಕ್ಕಬಾರದು, ಹತ್ತಿಕ್ಕಿದರೆ ನ್ಯಾಯಾಲಯ ನಿಂದನೆಯೆಂದು ಪರಿಗಣಿಸುತ್ತೇವೆ ಎಂದು ಎಚ್ಚರಿಸಿತು.

ಅದೇ ವಾಟ್ಸಾಪ್ ಜೀವ ತೆಗೆದದ್ದೂ ನಮ್ಮ ನೆಲದಲ್ಲೇ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಬಡಿದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ಮಕ್ಕಳ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ವದಂತಿ ಅಳಿಸುವುದೂ ಅಂದಿನಿಂದ ಕೆಲಸದ ಭಾಗವಾಗಿದೆ.

ಫೋಟೋ ಮತ್ತು ಮರ್ಯಾದೆ

ಬತ್ತಿದ ಮುಖದ ಮಗುವಿನ ಚಿತ್ರಕ್ಕೆ ಬರುವ ಹಣ ನಗುವ ಮಗುವಿನ ಚಿತ್ರಕ್ಕೆ ಬರುವುದಿಲ್ಲ ಎಂಬುದು ದೇಣಿಗೆ ಎತ್ತುವವರ ಹಳೆಯ ನಂಬಿಕೆ. ಜಾಲತಾಣ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಇದನ್ನು ಎದುರಿಸಿ ನಾರ್ವೆಯ ವಿದ್ಯಾರ್ಥಿ ಸಂಘಟನೆ ಎಸ್‌ಎಐಎಚ್ 2012ರಲ್ಲಿ ಒಂದು ವಿಡಿಯೋ ಮಾಡಿತು. ಚಳಿಯಲ್ಲಿ ನಡುಗುವ ನಾರ್ವೆಯವರಿಗೆ ಆಫ್ರಿಕದ ಜನ ರೂಂ ಹೀಟರ್ ಕೂಡಿಸಿ ಕಳಿಸುವ ಕಥೆ ಅದು. ಒಂದು ನಾಡನ್ನು ಸಂಕಟದ ಚಿತ್ರಗಳಿಂದಲೇ ಅಳೆದರೆ ಆ ನಾಡಿನವರಿಗೆ ಹೇಗನಿಸುತ್ತದೆ ಎಂಬುದನ್ನು ಅದು ನೋಡಿದವರ ಮೈಗೇ ತಾಗಿಸಿತು.

ಭಾರತದಲ್ಲಿ ಇದಕ್ಕೆ ಕಾನೂನಿನ ಅಂಚೂ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮತ್ತು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ರಕ್ಷಣೆ ಬೇಕಾದ ಮಗುವಿನ, ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ಬಿಡುವುದನ್ನು ತಡೆಯುತ್ತವೆ. ಹಾಸ್ಟೆಲಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೊಂದು ನೋಟ್‌ಬುಕ್ ಕೊಟ್ಟು, ದಾನಿಯ ಜೊತೆ ಫೋಟೋ ತೆಗೆದು ಪುಟಕ್ಕೇರಿಸುವುದು ಕಾನೂನಿನ ಕಣ್ಣಿಗೆ ಬೀಳದೆ ಹೋಗಬಹುದು. ಆದರೆ ಆ ಹುಡುಗಿ ಹತ್ತು ವರ್ಷ ಕಳೆದು ಕೆಲಸಕ್ಕೆ ಸೇರಿದಾಗಲೂ ಆ ಚಿತ್ರ ಜಾಲದಲ್ಲಿ ಉಳಿದಿರುತ್ತದೆ. ಕೈಗಳ ಚಿತ್ರ, ಬೆನ್ನ ಹಿಂದಿನಿಂದ ತೆಗೆದ ಚಿತ್ರ, ಮಕ್ಕಳೇ ಬಿಡಿಸಿದ ಚಿತ್ರ ಬಳಸುವ ಸಂಸ್ಥೆಗಳು ಈಗ ಹೆಚ್ಚುತ್ತಿವೆ. ಇದು ನೆಮ್ಮದಿ ತರುವ ಬದಲಾವಣೆ.

ಹಣದ ಹಾದಿ

2016ರಲ್ಲಿ ಯುಪಿಐ ಬಂತು, ಅದೇ ವರ್ಷ ಡೇಟಾ ಅಗ್ಗವಾಯಿತು. ಪೋಸ್ಟಿನ ಕೆಳಗೆ ಕ್ಯೂಆರ್ ಕೋಡ್ ಹಾಕಿ ಐವತ್ತು ರೂಪಾಯಿಯನ್ನೂ ಪಡೆಯಬಹುದಾಯಿತು. ಬೆಂಗಳೂರಿನಲ್ಲಿ 2010ರಲ್ಲಿ ಹುಟ್ಟಿದ ‘ಮಿಲಾಪ್’, ಮುಂಬೈಯ ‘ಕೆಟ್ಟೊ’ದಂಥ ವೇದಿಕೆಗಳಲ್ಲಿ ಚಿಕಿತ್ಸೆಗಾಗಿ ಹಣ ಕೂಡಿಸುವುದು ಸಾಮಾನ್ಯವಾಯಿತು. ಇದರಿಂದ ಉಳಿದ ಜೀವಗಳಿವೆ. ಆದರೆ ಚೆನ್ನಾಗಿ ಬರೆಯಬಲ್ಲ, ವಿದೇಶದಲ್ಲಿ ಗೆಳೆಯರಿರುವ ಕುಟುಂಬದ ಮೊರೆ ಬೇಗ ತಲುಪುತ್ತದೆ. ಬಳ್ಳಾರಿ ಕಡೆಯ ಕೂಲಿಕಾರನ ಮೊರೆ ಅಷ್ಟು ದೂರ ಹೋಗುವುದಿಲ್ಲ. ಒಂದು ಮಗುವಿನ ಆಪರೇಷನ್ನಿಗೆ ಕೊಡುವಷ್ಟು ಸುಲಭವಾಗಿ ಇಡೀ ತಾಲ್ಲೂಕಿನ ಅಂಗನವಾಡಿಗಳ ಕೆಲಸಕ್ಕೆ ಜನ ಕೊಡುವುದಿಲ್ಲ.

ವಿದೇಶದ ಹಣಕ್ಕೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಅನ್ವಯಿಸುತ್ತದೆ. ನ್ಯೂಜೆರ್ಸಿಯಲ್ಲಿರುವ ಇಬ್ಬರು ಕನ್ನಡಿಗರು ತಮ್ಮ ಊರಿನ ಶಾಲೆ ನಡೆಸುವ ಸಂಘದ ವಾಟ್ಸಾಪ್ ಸಂದೇಶ ನೋಡಿ ತಲಾ ಹತ್ತು ಸಾವಿರ ರೂಪಾಯಿ ಕಳಿಸಿದರು ಎಂದುಕೊಳ್ಳೋಣ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರ ಉಳಿತಾಯದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರ ಹಣ ವಿದೇಶಿ ವಂತಿಗೆ. ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಘ ಅದನ್ನು ಪಡೆದರೆ ತಪ್ಪಾಗುತ್ತದೆ. 2020ರ ತಿದ್ದುಪಡಿಯ ನಂತರ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು, ಒಂದು ಸಂಸ್ಥೆ ಇನ್ನೊಂದಕ್ಕೆ ಅದನ್ನು ಹಂಚುವಂತಿಲ್ಲ, ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಕ್ಯೂಆರ್ ಕೋಡ್ ಫಾರ್ವರ್ಡ್ ಮಾಡುವವರಿಗೆ ಇದಾವುದೂ ಗೊತ್ತಿರುವುದಿಲ್ಲ. ಸಂಘದ ಖಜಾಂಚಿಗೆ ಗೊತ್ತಿರಲೇಬೇಕು.

ಬಾಡಿಗೆಯ ಅಂಗಳ

ಫೇಸ್‌ಬುಕ್ ಪುಟವನ್ನು ಸಂಸ್ಥೆ ‘ನಮ್ಮ ಪುಟ’ ಎನ್ನುತ್ತದೆ, ಆದರೆ ಅಂಗಳ ಕಂಪನಿಯದು. ಪುಟವನ್ನು ಮೆಚ್ಚಿದವರಲ್ಲಿ ಸರಾಸರಿ ಶೇ. 16 ಮಂದಿಗೆ ಮಾತ್ರ ಒಂದು ಪೋಸ್ಟ್ ಕಾಣುತ್ತದೆ ಎಂದು 2012ರಲ್ಲಿ ಫೇಸ್‌ಬುಕ್ಕೇ ಹೇಳಿತ್ತು. ಆಮೇಲೆ ಅದು ಇನ್ನೂ ಇಳಿಯಿತು. 2018ರ ಜನವರಿಯಲ್ಲಿ ಕಂಪನಿಯು ಪುಟಗಳಿಗಿಂತ ಗೆಳೆಯರು, ಮನೆಯವರ ಪೋಸ್ಟ್‌ಗಳನ್ನು ಮುಂದೆ ತರುವುದಾಗಿ ಪ್ರಕಟಿಸಿತು. ವರ್ಷಗಟ್ಟಲೆ ಕೂಡಿಸಿದ ಹಿಂಬಾಲಕರನ್ನು ಮುಟ್ಟಲು ಸಣ್ಣ ಸಂಸ್ಥೆಗಳೂ ಹಣ ಕಟ್ಟಿ ‘ಬೂಸ್ಟ್’ ಮಾಡಬೇಕಾಯಿತು. ದಾನಿಗಳಿಂದ ಬಂದ ಹಣ ಮತ್ತೆ ದಾನಿಗಳನ್ನು ಹುಡುಕುವುದಕ್ಕೇ ಹೋಗುವುದು ಕೆಲಸದವರ ಮನಸ್ಸನ್ನು ಕುಗ್ಗಿಸುವ ಸಂಗತಿ.

ಬೇರೆ ದಾರಿ ಹುಡುಕಿದವರಿದ್ದಾರೆ. ಜರ್ಮನಿಯ ಯೂಜೆನ್ ರಾಕ್ಕೊ 2016ರಲ್ಲಿ ಶುರುಮಾಡಿದ ಮಾಸ್ಟೊಡಾನ್ ಲಾಭಕ್ಕಾಗಿ ನಡೆಸುವ ತಾಣವಲ್ಲ. ಅಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಂಡು ಉಳಿದವರೊಡನೆ ಬೆರೆಯಬಹುದು. 2022ರಲ್ಲಿ ಟ್ವಿಟರ್ ಕೈಬದಲಾದಾಗ ಕೆಲವು ಸಂಸ್ಥೆಗಳು ಅಲ್ಲಿಗೆ ಹೋದವು. ಕರ್ನಾಟಕದ ಹಳ್ಳಿಗಳಲ್ಲಿ ದುಡಿಯುವ ಸಂಸ್ಥೆಗಳಿಗೆ ಅದು ಇನ್ನೂ ದೂರದ ಮಾತು. ಅವುಗಳ ಜನ ಇರುವುದು ವಾಟ್ಸಾಪ್‌ನಲ್ಲಿ. ಅಲ್ಲೂ ಟೈಪ್ ಮಾಡುವುದಕ್ಕಿಂತ ಗುಂಡಿ ಒತ್ತಿ ಮಾತಾಡಿ ಕಳಿಸುವ ವಾಯ್ಸ್ ಮೆಸೇಜಿಗೆ ಸ್ವಸಹಾಯ ಸಂಘದ ಮಹಿಳೆಯರು ಬೇಗ ಹೊಂದಿಕೊಂಡಿದ್ದಾರೆ.

ಪೇಜು ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಊರಿಗೆ ಕೆಲಸಕ್ಕೆ ಹೋದಾಗ ಪಾಸ್‌ವರ್ಡ್ ಕೂಡ ಹೋಯಿತು ಎಂಬ ಗೋಳು ಸಣ್ಣ ಸಂಘಗಳಲ್ಲಿ ಸಾಮಾನ್ಯ. ಪೆಟ್ಟು ತಿಂದ ಮೇಲೆ ಇಬ್ಬರು ಅಡ್ಮಿನ್‌ಗಳನ್ನು ಇಡುತ್ತಾರೆ, ಒಬ್ಬರು ಕಾರ್ಯಕಾರಿ ಸಮಿತಿಯವರಾಗಿರುತ್ತಾರೆ. ಫೋಟೋಗಳ ಮೂಲಪ್ರತಿ ಆಫೀಸಿನ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಜಾಲತಾಣದಲ್ಲಿ ಮೊದಲ ಸಲ ದೇಣಿಗೆ ಕೊಟ್ಟವರ ಹೆಸರು, ಊರು, ಫೋನ್ ನಂಬರನ್ನು ಅವರ ಒಪ್ಪಿಗೆ ಪಡೆದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಆದಾಯ ತೆರಿಗೆ ವಿನಾಯಿತಿಯ ರಸೀದಿ ಕಳಿಸಿದ ವಾರದೊಳಗೆ ಸಮಿತಿಯ ಯಾರಾದರೊಬ್ಬರು ಆ ನಂಬರಿಗೆ ಕರೆ ಮಾಡಿ, ಹಣ ಯಾವ ಕೆಲಸಕ್ಕೆ ಹೋಯಿತೆಂದು ಹೇಳಿ, ಒಮ್ಮೆ ಬಂದು ನೋಡಿ ಎಂದು ಕರೆಯುತ್ತಾರೆ.